27ನೇ ಮರ: ದೂರದ ಕಾಡಿನಲ್ಲಿ ಜಾಡು ದುರಸ್ತಿ ಗುಂಪಿನ ಒಂದು ಪ್ರಕರಣ

ನಾಲ್ಕನೇ ದಿನ ಮಧ್ಯಾಹ್ನ, ಸುಮಾರು 3 ಗಂಟೆಗೆ, ನಮ್ಮ ಗುಂಪಿನ ಹುಡುಗಿಯೊಬ್ಬಳು ಎರಡು ಹೆಜ್ಜೆ ಹಿಂದೆ ಸರಿದಳು. ಸರಿಯದಿದ್ದರೆ ಅವಳ ತೊಡೆಯ ಮೂಳೆ ಮುರಿಯುತ್ತಿತ್ತು. ಕಾಡಿನ ಕಾಲುದಾರಿಗಳನ್ನು, ಅಂದರೆ ಜಾಡುಗಳನ್ನು, ಸರಿಪಡಿಸುವ ಆ ಗುಂಪಿನ ಮುಖ್ಯಸ್ಥ ನಾನು. ಆದರೆ ಅವಳಿಗೆ ಹಿಂದೆ ಸರಿ ಎಂದು ಕೂಗಿದ್ದು ನಾನಲ್ಲ. ಕೂಗಬೇಕಾಗಿದ್ದವನು ನಾನು, ಕೂಗಿದವನು ಇನ್ನೊಬ್ಬ. ಹಾಗೆ ಯಾಕಾಯಿತು, ಆಮೇಲೆ ಏನು ಮಾಡಿದೆವು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಇಂಥ ಗುಂಪು ನಡೆಸುವವರಿಗೆ ಉಪಯೋಗವಾಗಲಿ ಎಂದು ನನ್ನ ತಪ್ಪುಗಳನ್ನೂ ಇದ್ದ ಹಾಗೇ ಇಟ್ಟಿದ್ದೇನೆ.

ಜಾಗ, ಜನ, ಕೆಲಸ

ಜಾಗ ಅಮೆರಿಕದ ಪಶ್ಚಿಮದ ಬೆಟ್ಟಗಳು. ಕಾನೂನು ಪ್ರಕಾರ ವೈಲ್ಡರ್‌ನೆಸ್ ಎಂದು ಗುರುತಿಸಿದ ಕಾಡು. 1964ರ ವೈಲ್ಡರ್‌ನೆಸ್ ಕಾಯ್ದೆ ಇಂಥ ಕಾಡಿನೊಳಗೆ ಮೋಟಾರ್ ಇರುವ ಸಾಧನಗಳನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಚೈನ್ ಸಾ ಇಲ್ಲ, ಜೀಪ್ ಇಲ್ಲ, ಸೈಕಲ್ ಕೂಡ ಇಲ್ಲ. ಜೀವಕ್ಕೆ ಅಪಾಯ ಬಂದಾಗ ಹೆಲಿಕಾಪ್ಟರ್ ತರಿಸಲು ಕಾಯ್ದೆಯಲ್ಲೇ ಅವಕಾಶ ಇದೆ. ಉಳಿದದ್ದೆಲ್ಲ ಕೈಕೆಲಸ. ಬಿದ್ದ ಮರ ಕೊಯ್ಯಲು ಇಬ್ಬರು ಆ ಕಡೆ ಈ ಕಡೆ ನಿಂತು ಎಳೆಯುವ ಕ್ರಾಸ್‌ಕಟ್ ಗರಗಸ. ಮಣ್ಣಿಗೆ ಪುಲಾಸ್ಕಿ, ಅಂದರೆ ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿಯ ಬಾಯಿ ಇರುವ ಸಾಧನ. ಜೊತೆಗೆ ಸನಿಕೆ, ಹಾರೆ, ಪ್ಲಾಸ್ಟಿಕ್ ಬೆಣೆಗಳು.

ನಾವು 6 ಜನ. ರಸ್ತೆ ಮುಗಿಯುವ ಜಾಗದಿಂದ ಕ್ಯಾಂಪ್‌ಗೆ 9 ಮೈಲಿ. ಮೊದಲ ದಿನ ಒಳಗೆ ನಡೆಯುವುದು, 6 ದಿನ ಕೆಲಸ, ಎಂಟನೇ ದಿನ ಹೊರಗೆ ನಡೆಯುವುದು. 8 ದಿನದ ಆಹಾರ, ಡೇರೆ, ಸಾಧನ ಸೇರಿ ಒಬ್ಬೊಬ್ಬರ ಬೆನ್ನ ಮೇಲೆ ಸುಮಾರು 25 ಕಿಲೋ. ದೊಡ್ಡ ಗರಗಸ 6 ಅಡಿಯದು. ಅದನ್ನು ಹೊತ್ತವರು ಸಾಲಿನ ಕೊನೆಯಲ್ಲಿ, ಮುಂದಿನವರಿಂದ ದೂರ ಬಿಟ್ಟು ನಡೆಯಬೇಕು. ಎಡವಿದರೆ ಹಲ್ಲು ಯಾರ ಮೈಗೂ ತಾಗಬಾರದು ಅಲ್ವಾ? ಇದರ ಜೊತೆಗೆ ಒಬ್ಬರೇ ಎಳೆಯುವ ಸಣ್ಣ ಗರಗಸ ಒಂದಿತ್ತು.

ಗುಂಪಿನಲ್ಲಿ ಇಬ್ಬರಿಗೆ ಇದು ಮೊದಲ ಸಲ. ಆ ಹುಡುಗಿ ಅವರಲ್ಲಿ ಒಬ್ಬಳು. ಇನ್ನಿಬ್ಬರಿಗೆ ಒಂದೊಂದು ಬೇಸಿಗೆಯ ಅನುಭವ. ಐದನೆಯವನು ನನಗಿಂತ ವಯಸ್ಸಿನಲ್ಲಿ ದೊಡ್ಡವನು, ಹಲವು ವರ್ಷ ಇದೇ ಕೆಲಸ ಮಾಡಿದವನು. ಮಾತು ಕಡಿಮೆ. ಅವನನ್ನು ಇಲ್ಲಿ ಹಿರಿಯ ಎಂದೇ ಕರೆಯುತ್ತೇನೆ.

ಚಳಿಗಾಲದ ಗಾಳಿಗೆ ಕಣಿವೆಯಿಂದ ಕಣಿವೆಗೆ ದಾಟುವ ಘಾಟಿಯ ತನಕ 4 ಮೈಲಿಯಲ್ಲಿ 47 ಮರ ಜಾಡಿಗೆ ಅಡ್ಡ ಬಿದ್ದಿದ್ದವು. ನಮ್ಮನ್ನು ಕಳಿಸಿದ ಕಚೇರಿಯವರ ಕೋರಿಕೆ ಸ್ಪಷ್ಟವಾಗಿತ್ತು. ಘಾಟಿಯ ಆಚೆ ಸೇತುವೆ ಕೆಲಸ ಇದೆ. ಅದಕ್ಕೆ ಸಾಮಾನು ಹೊತ್ತ ಹೇಸರಗತ್ತೆಗಳು ಇದೇ ದಾರಿಯಲ್ಲಿ ಹೋಗಬೇಕು. ಮನುಷ್ಯ ದಿಮ್ಮಿ ಹತ್ತಿ ಇಳಿದು ಹೋಗುತ್ತಾನೆ. ಹೊರೆ ಹೊತ್ತ ಪ್ರಾಣಿಗೆ ಅದು ಆಗುವುದಿಲ್ಲ. ಹಾಗಾಗಿ 47ಕ್ಕೆ 47 ತೆಗೆಯಬೇಕು.

ನಾನು ಲೆಕ್ಕ ಹಾಕಿದೆ. ದಿನಕ್ಕೆ 10 ತೆಗೆದರೆ 5 ದಿನದಲ್ಲಿ ಮುಗಿಯುತ್ತದೆ, ಒಂದು ದಿನ ಕೈಯಲ್ಲಿ ಉಳಿಯುತ್ತದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಆ ಲೆಕ್ಕದಲ್ಲಿ ಮರಗಳಿದ್ದವು, ಮಳೆ ಇರಲಿಲ್ಲ, ಜನ ಇರಲಿಲ್ಲ.

ಮೊದಲ ಮೂರು ದಿನ

ಎರಡನೇ ದಿನ 9 ಮರ. ಗುರಿಗಿಂತ ಒಂದು ಕಡಿಮೆ. ಆ ಸಂಜೆಯೇ ಮಳೆ ಹಿಡಿಯಿತು. ಜೋರು ಮಳೆಯಲ್ಲ, ಬಿಡದೆ ಜಿನುಗುವ ತಣ್ಣನೆಯ ಮಳೆ. ಮೂರನೇ ದಿನ ಬೆಳಗ್ಗೆ ನಾನು ಎರಡು ಬದಲಾವಣೆ ಮಾಡಿದೆ. ಆಗ ಎರಡೂ ಸಣ್ಣವು ಅನ್ನಿಸಿದ್ದವು.

ಒಂದು, ಬೆಳಗಿನ ಮಾತುಕತೆ ಬಿಟ್ಟೆ. ಪ್ರತಿದಿನ ಕೆಲಸಕ್ಕೆ ಮುಂಚೆ ಎಲ್ಲರೂ ಸುತ್ತ ನಿಂತು 10 ನಿಮಿಷ ಮಾತಾಡುವುದು ರೂಢಿ. ಇವತ್ತು ಯಾವ ಕೆಲಸ, ಯಾವುದರಿಂದ ಪೆಟ್ಟು ಬೀಳಬಹುದು, ಯಾರಿಗೆ ಮೈ ಸರಿ ಇಲ್ಲ, ನಿದ್ದೆ ಆಯಿತಾ. ಮಳೆಯಲ್ಲಿ ಸುಮ್ನೆ ನಿಲ್ಲಿಸಿ ಮಾತಾಡಿದರೆ ಎಲ್ಲರಿಗೂ ಚಳಿ ಹಿಡಿಯುತ್ತದೆ, ನಡೆಯುತ್ತಾ ಮಾತಾಡೋಣ ಅಂದೆ. ಒಬ್ಬರ ಹಿಂದೆ ಒಬ್ಬರು ನಡೆಯುವ ಜಾಡಿನಲ್ಲಿ, ಟೋಪಿ ತಲೆ ಮೇಲೆ ಎಳೆದುಕೊಂಡು, ಯಾರೂ ಮಾತಾಡಲಿಲ್ಲ.

ಎರಡು, ನಾನೇ ಗರಗಸ ಹಿಡಿದೆ. ಹೊಸಬರು ಗರಗಸವನ್ನು ಎಳೆಯುವುದರ ಜೊತೆಗೆ ತಳ್ಳುತ್ತಾರೆ. ಕ್ರಾಸ್‌ಕಟ್‌ನಲ್ಲಿ ತಳ್ಳಬಾರದು, ತಳ್ಳಿದರೆ ಅಲಗು ಬಳುಕುತ್ತದೆ. ನಿಮ್ಮ ಸರದಿಗೆ ಎಳೆಯಬೇಕು, ಆಮೇಲೆ ಕೈ ಸಡಿಲ ಬಿಟ್ಟು ಆಚೆಯವರಿಗೆ ಕೊಡಬೇಕು. ಲಯ ಸಿಕ್ಕಿದಾಗ ಸೀಳಿನಿಂದ ಹೊಟ್ಟಿನ ಬದಲು ಉದ್ದನೆಯ ಶಾವಿಗೆಯಂಥ ಎಳೆಗಳು ಬರುತ್ತವೆ. ನನಗೆ ಆ ಲಯ ಗೊತ್ತಿತ್ತು. ನಾನು ಹಿಡಿದರೆ ಬೇಗ ಆಗುತ್ತದೆ. ನಿಜವಾಗಿಯೂ ಬೇಗ ಆಯಿತು. ಮೂರನೇ ದಿನ 11 ಮರ.

ಸಂಜೆ ನಾನು ಖುಷಿಯಲ್ಲಿದ್ದೆ. ಆ ಖುಷಿಯಲ್ಲಿ ಕೆಲವನ್ನು ನೋಡಲಿಲ್ಲ. ಎರಡನೇ ಹೊಸ ಹುಡುಗ ಡೇರೆಯೊಳಗೆ ಬೂಟು ಬಿಚ್ಚಲು ತುಂಬಾ ಹೊತ್ತು ತೆಗೆದುಕೊಂಡ. ಅಡುಗೆ ಸರದಿಯವನು ಎರಡು ಸಲ ಪಾತ್ರೆ ಬೀಳಿಸಿದ. ಚಳಿ ಮೈಯೊಳಗೆ ಇಳಿಯುವಾಗ ಮೊದಲು ಕಾಣುವ ಗುರುತುಗಳು ಇವೇ: ಎಡವುವುದು, ತೊದಲುವುದು, ಗೊಣಗುವುದು, ಕೈಯಿಂದ ಬೀಳಿಸುವುದು. ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ. ಆದರೆ ಪಾತ್ರೆ ಬಿದ್ದ ಸದ್ದು ನನ್ನ ಕಿವಿಗೆ ಬಿದ್ದದ್ದು ಬರೀ ಸದ್ದಾಗಿ.

ಆ ಮರ

ನಾಲ್ಕನೇ ದಿನ 3 ಗಂಟೆಯೊಳಗೆ 6 ಮರ ಆಗಿದ್ದವು. ಏಳನೆಯದು, ಒಟ್ಟು ಲೆಕ್ಕದಲ್ಲಿ 27ನೆಯದು, ಸುಮಾರು 20 ಇಂಚು ದಪ್ಪದ ಫರ್ ಮರ. ಬುಡ ಮೇಲ್ಗಡೆ ಇಳಿಜಾರಿನಲ್ಲಿ, ತುದಿ ಕೆಳಗಡೆ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತ್ತು. ನಡುಭಾಗ ಜಾಡಿನ ಮೇಲೆ, ನೆಲ ತಾಗದೆ.

ಬಿದ್ದ ಮರವನ್ನು ಕೊಯ್ಯುವ ಮುಂಚೆ ಅದರ ಒಳಗಿನ ಬಿಗಿತ ಓದಬೇಕು. ದಿಮ್ಮಿಯ ಎರಡೂ ತುದಿಗೆ ಆಧಾರ ಇದ್ದು ನಡು ಜೋತಿದ್ದರೆ, ಮೇಲಿನ ಎಳೆಗಳು ಒತ್ತಿಕೊಂಡಿರುತ್ತವೆ, ಕೆಳಗಿನವು ಎಳೆದುಕೊಂಡಿರುತ್ತವೆ. ಮೇಲಿಂದ ಕೊಯ್ದರೆ ಸೀಳು ಮುಚ್ಚಿ ಗರಗಸವನ್ನು ಕಚ್ಚುತ್ತದೆ. ಅಲ್ಲಿ ಬೆಣೆ ಹೊಡೆಯುತ್ತಾ ಹೋಗಬೇಕು, ಕೊನೆಯದನ್ನು ಕೆಳಗಿನಿಂದ ಕೊಯ್ಯಬೇಕು. ಇದು ಸುಲಭದ್ದು. ಅಪಾಯದ್ದು ಪಕ್ಕದ ಬಿಗಿತ. ದಿಮ್ಮಿ ಬಿಲ್ಲಿನ ಹಾಗೆ ಪಕ್ಕಕ್ಕೆ ಬಾಗಿ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಕೊಯ್ತ ಮುಗಿಯುವ ಹೊತ್ತಿಗೆ ಅದು ಉಬ್ಬಿದ ಕಡೆಗೆ ಚಿಮ್ಮುತ್ತದೆ. ಹಾಗಾಗಿ ಉಬ್ಬಿದ ಕಡೆ ಯಾರೂ ನಿಲ್ಲಬಾರದು. ಇಬ್ಬರು ಎಳೆಯುವ ಗರಗಸದಲ್ಲಿ ಒಬ್ಬರು ಆ ಕಡೆ ನಿಲ್ಲಲೇಬೇಕಾಗುತ್ತದೆ. ಅದಕ್ಕೇ ಅಂಥ ಮರಕ್ಕೆ ಒಂದು ಹಿಡಿ ಬಿಚ್ಚಿ, ಸುರಕ್ಷಿತ ಕಡೆಯಿಂದ ಒಬ್ಬರೇ ಕೊಯ್ಯಬೇಕು.

ನಾನು ನೋಡಿದ್ದು ಜೋತ ನಡುವನ್ನು ಮಾತ್ರ. ಬುಡದ ಹತ್ತಿರ ಇನ್ನೊಂದು ಮರ ಪಕ್ಕದಿಂದ ಒರಗಿ ಇದನ್ನು ತಳ್ಳುತ್ತಿತ್ತು. ಪೊದೆ ಅದನ್ನು ಮುಚ್ಚಿತ್ತು. ಮೇಲೆ 10 ಹೆಜ್ಜೆ ಹತ್ತಿದ್ದರೆ ಕಾಣುತ್ತಿತ್ತು. ನಾನು ಹತ್ತಲಿಲ್ಲ. ಆಚೆ ಕಡೆ, ಅಂದರೆ ಉಬ್ಬಿದ ಕಡೆ, ಆ ಹುಡುಗಿ ಹಿಡಿ ಹಿಡಿದಳು. ಈಚೆ ನಾನು.

ಅರ್ಧ ಕೊಯ್ದಾಗ ನನ್ನ ಕಡೆ ಗರಗಸ ಬಿಗಿಯಾಯಿತು. ಮೇಲಿನ ಒತ್ತಡ ಅಂದುಕೊಂಡು ಬೆಣೆ ಹೊಡೆದೆ. ಎಳೆ ಅಂದೆ. ಅವಳು ಎಳೆದಳು.

ಅಷ್ಟರಲ್ಲಿ ಹಿರಿಯ ಕೆಳಗಿನ ತೊರೆಯಿಂದ ನೀರು ತುಂಬಿಕೊಂಡು ಮೇಲೆ ಹತ್ತುತ್ತಿದ್ದ. ಅವನಿದ್ದ ಜಾಗದಿಂದ ದಿಮ್ಮಿ ಬುಡದಿಂದ ತುದಿಯ ತನಕ ಒಂದೇ ನೋಟಕ್ಕೆ ಕಂಡಿತು. ಬಿಲ್ಲಿನ ಹಾಗೆ ಬಾಗಿತ್ತು. ನೀರಿನ ಚೀಲ ಕೆಳಗೆ ಹಾಕಿ ಕೂಗಿದ: “ಬಿಡು! ಹಿಂದೆ ಸರಿ!” ಅವಳು ಯಾಕೆ ಎಂದು ಕೇಳಲಿಲ್ಲ. ಹಿಡಿ ಬಿಟ್ಟು ಎರಡು ಹೆಜ್ಜೆ ಹಿಂದೆ ಹೋದಳು. ದಿಮ್ಮಿ ಗುಂಡು ಹೊಡೆದ ಹಾಗೆ ಸದ್ದು ಮಾಡಿ ಒಡೆಯಿತು. ಅವಳು ನಿಂತಿದ್ದ ಜಾಗದ ಮೇಲೆ ಸುಮಾರು 2 ಅಡಿ ಸರಿದು ನಿಂತಿತು. ಗರಗಸ ಅದರ ಜೊತೆ ಎಳೆದುಕೊಂಡು ಹೋಗಿ ನಡುವಲ್ಲಿ ಮಡಚಿಕೊಂಡಿತು.

ಯಾರಿಗೂ ಗಾಯವಾಗಲಿಲ್ಲ. ಅಲ್ಲಿಂದ ರಸ್ತೆಗೆ 11 ಮೈಲಿ. ಮೋಡ ಬೆಟ್ಟದ ಮೇಲೆ ಕೂತಿತ್ತು. ಹೆಲಿಕಾಪ್ಟರ್ ಬರುವ ಹವಾಮಾನವೇ ಆಗಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ನನ್ನ ಕೈ ತಣ್ಣಗಾಗುತ್ತದೆ.

ನಿಲ್ಲಿಸಿದ್ದು

ಮೊದಲು ಎಲ್ಲರೂ ಸಾಧನ ಕೆಳಗಿಡಿ ಅಂದೆ. ಟಾರ್ಪಾಲ್ ಕಟ್ಟಿ, ಒಲೆ ಹಚ್ಚಿ, ಬಿಸಿ ಬಿಸಿ ಕುಡಿಯಲು ಮಾಡಿದೆವು. ಒಣ ಬಟ್ಟೆ ಹಾಕಿಕೊಂಡೆವು. ಮಾತು ಶುರುವಾಗಿದ್ದು ಆಮೇಲೆ. ನಡುಗುವ ಮನುಷ್ಯ ಸರಿಯಾಗಿ ನೆನಪಿಸಿಕೊಳ್ಳಲಾರ, ಸರಿಯಾಗಿ ಹೇಳಲೂ ಆರ.

ನಾನು ಮೊದಲು ನನ್ನ ಪಾಲು ಹೇಳಿದೆ. ಮರವನ್ನು ಸುತ್ತಿ ನೋಡಲಿಲ್ಲ, ತಪ್ಪು ನನ್ನದು ಅಂದೆ. ಆಮೇಲೆ ಒಬ್ಬೊಬ್ಬರನ್ನೇ ಕೇಳಿದೆ, ನೀವು ಏನು ನೋಡಿದಿರಿ? ಯಾರು ಏನು ಮಾಡಬೇಕಿತ್ತು ಎಂದು ಕೇಳಲಿಲ್ಲ, ಏನು ಕಂಡಿತು ಎಂದಷ್ಟೇ ಕೇಳಿದೆ. ಈ ವ್ಯತ್ಯಾಸ ದೊಡ್ಡದು. ತೀರ್ಪು ಕೇಳಿದರೆ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ.

ಹುಡುಗಿ ಹೇಳಿದ್ದು: “ನನ್ನ ಕಡೆ ಸೀಳು ಬಾಯಿ ಬಿಡ್ತಾ ಇತ್ತು. ವಿಚಿತ್ರ ಅನ್ನಿಸಿತು. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ.”

ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಾಕ್ಯ ಇದು. ನನ್ನ ಕಡೆ ಸೀಳು ಮುಚ್ಚುತ್ತಿತ್ತು, ಅವಳ ಕಡೆ ತೆರೆಯುತ್ತಿತ್ತು. ಎರಡನ್ನೂ ಸೇರಿಸಿದರೆ ಪಕ್ಕದ ಬಿಗಿತ ಅನ್ನುವುದು ತಕ್ಷಣ ಗೊತ್ತಾಗುತ್ತದೆ. ಅರ್ಧ ಸುದ್ದಿ ನನ್ನ ಕೈಯಲ್ಲಿತ್ತು, ಇನ್ನರ್ಧ 3 ಅಡಿ ಆಚೆ ಅವಳ ಕಣ್ಣಲ್ಲಿತ್ತು. ಅದು ನನ್ನ ತನಕ ಬರಲಿಲ್ಲ. ಬೆಳಗಿನ ಮಾತುಕತೆ ನಿಲ್ಲಿಸಿದವನು ನಾನೇ ಅಲ್ವಾ? ಎರಡು ದಿನದಿಂದ ಈ ಗುಂಪಿನಲ್ಲಿ ಮಾತು ಒಂದೇ ದಿಕ್ಕಿಗೆ ಹೋಗುತ್ತಿತ್ತು.

ಎರಡನೇ ಹೊಸ ಹುಡುಗ ತಡವರಿಸುತ್ತಾ, ಕಾಲು ಮರಗಟ್ಟಿದೆ ಅಂದ. ಬೂಟು ಬಿಚ್ಚಿಸಿ ನೋಡಿದೆವು. ಪಾದ ಬಿಳಿಚಿ ಸುಕ್ಕಾಗಿತ್ತು, ಬೆರಳುಗಳಿಗೆ ಸ್ಪರ್ಶ ಸರಿಯಾಗಿ ತಿಳಿಯುತ್ತಿರಲಿಲ್ಲ. ದಿನಗಟ್ಟಲೆ ಒದ್ದೆ ಮತ್ತು ಚಳಿಯಲ್ಲಿದ್ದ ಪಾದಕ್ಕೆ ಹೀಗಾಗುತ್ತದೆ. ಬಿಟ್ಟರೆ ನಡೆಯಲೂ ಆಗದ ಸ್ಥಿತಿಗೆ ಹೋಗುತ್ತದೆ. ಉಜ್ಜದೆ ಒರೆಸಿ, ಒಣಗಿಸಿ, ಒಣ ಕಾಲುಚೀಲ ಹಾಕಿ ಮಲಗುವ ಚೀಲದೊಳಗೆ ಇಟ್ಟೆವು. ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, “ದಿನಕ್ಕೆ 10 ಆಗಬೇಕಿತ್ತಲ್ಲ” ಅಂದ.

ಹಿರಿಯ ಕೊನೆಗೆ ಮಾತಾಡಿದ. ಮೊದಲ ರಾತ್ರಿ ನಾನು ಹೊಸಬರಿಗೆ ಪುಲಾಸ್ಕಿಯ ಕಥೆ ಹೇಳಿದ್ದೆ. 1910ರ ಆಗಸ್ಟ್‌ನಲ್ಲಿ ಐಡಾಹೋದ ವಾಲೇಸ್ ಪಟ್ಟಣದ ಹತ್ತಿರ ದೊಡ್ಡ ಕಾಡ್ಗಿಚ್ಚು ಸುತ್ತುವರಿದಾಗ ಅರಣ್ಯ ರೇಂಜರ್ ಎಡ್ ಪುಲಾಸ್ಕಿ 40ಕ್ಕೂ ಹೆಚ್ಚು ಜನರನ್ನು ಹಳೆಯ ಗಣಿ ಸುರಂಗದೊಳಗೆ ನುಗ್ಗಿಸಿದರು. ಭಯದಿಂದ ಹೊರಗೆ ಓಡಲು ಹೋದವರನ್ನು ಪಿಸ್ತೂಲು ತೋರಿಸಿ ತಡೆದರು. ಕೆಲವರು ಸತ್ತರು, ಹೆಚ್ಚಿನವರು ಬದುಕಿದರು. ಆಮೇಲೆ ಅವರು ರೂಪಿಸಿ ಬಳಕೆಗೆ ತಂದ ಸಾಧನವೇ ನಮ್ಮ ಕೈಯಲ್ಲಿರುವುದು. ಹಿರಿಯ ತನ್ನ ಪುಲಾಸ್ಕಿಯನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳಿದ: “ಅವತ್ತು ಅವನು ಬೆಂಕಿ ಆರಿಸಲಿಲ್ಲ. ಜನರನ್ನು ಎಣಿಸಿದ. ನೀನು ಎರಡು ದಿನದಿಂದ ಮರ ಎಣಿಸ್ತಾ ಇದ್ದೀಯ.”

ನಾನು ಉತ್ತರ ಕೊಡಲಿಲ್ಲ.

ಮುಂದಿನ ದಾರಿ

ಆ ರಾತ್ರಿ ಎದುರಿಗೆ ಮೂರು ದಾರಿಗಳಿದ್ದವು. ಕೆಲಸ ನಿಲ್ಲಿಸಿ ಎಲ್ಲರೂ ಹೊರಗೆ ನಡೆಯುವುದು. ಸಣ್ಣ ಗರಗಸ ಹಿಡಿದು ಉಳಿದ 20 ಮರಗಳಿಗೆ ನುಗ್ಗುವುದು. ಅಥವಾ ಉಳಿದು, ಕೆಲಸ ಬದಲಿಸುವುದು.

ಹೊರಗೆ ನಡೆಯುವುದು ಆ ಹುಡುಗನ ಕಾಲಿಗೆ ಒಳ್ಳೆಯದಲ್ಲ. ಒಂದು ಹಗಲು, ಒಂದು ರಾತ್ರಿ ಒಣಗಲು ಬಿಡಬೇಕಿತ್ತು. ನುಗ್ಗುವ ದಾರಿಯನ್ನು ಬಿಡಲು ನನಗೆ ಕಷ್ಟವೇ ಆಯಿತು. ಘಾಟಿಯ ಆಚೆ ಕಾಯುತ್ತಿದ್ದವರ ಕೆಲಸವೂ ಕೆಲಸವೇ. ಹೇಸರಗತ್ತೆಗಳು ಬರದಿದ್ದರೆ ಅವರ ವಾರಗಳು ಹಾಳಾಗುತ್ತವೆ. ಆದರೆ ಸೋತ ಮೈ, ಒದ್ದೆ ಇಳಿಜಾರು, ಒಂದೇ ಸಣ್ಣ ಗರಗಸ. 20 ಮರ ಅನ್ನುವ ಲೆಕ್ಕಕ್ಕೆ ಮತ್ತೆ ಬಿದ್ದರೆ ಇನ್ನೊಂದು 27ನೇ ಮರ ಸಿಗುತ್ತದೆ ಅನ್ನಿಸಿತು.

ಉಪಗ್ರಹ ಸಂದೇಶ ಸಾಧನದಿಂದ ಕಚೇರಿಗೆ ಆದದ್ದನ್ನು ಇದ್ದ ಹಾಗೇ ಬರೆದೆ: ಗಾಯವಿಲ್ಲ, ದೊಡ್ಡ ಗರಗಸ ಹೋಯಿತು, ಘಾಟಿಯ ದಾರಿ ಈ ಸಲ ತೆರೆಯುವುದಿಲ್ಲ, ಹೇಸರಗತ್ತೆ ತಂಡಕ್ಕೆ ಈಗಲೇ ತಿಳಿಸಿ. ಕೆಟ್ಟ ಸುದ್ದಿಯನ್ನು ನಾಲ್ಕನೇ ದಿನವೇ ಕಳಿಸಿದ್ದು ಆ ವಾರ ನಾನು ಮಾಡಿದ ಸರಿಯಾದ ಕೆಲಸಗಳಲ್ಲಿ ಒಂದು. ಎಂಟನೇ ದಿನ ಹೊರಗೆ ಬಂದು ಹೇಳಿದ್ದರೆ ಆ ತಂಡ ಹೊರಟಾಗಿರುತ್ತಿತ್ತು.

ಐದನೇ ದಿನ ಮಧ್ಯಾಹ್ನದ ತನಕ ಪೂರ್ತಿ ವಿಶ್ರಾಂತಿ. ಮಳೆ ನಿಂತಿತು. ಆಮೇಲೆ, ಮರಗಳ ಗಡಿಬಿಡಿಯಲ್ಲಿ ಎರಡನೇ ದಿನ ದಾಟಿ ಬಂದಿದ್ದ ಒಂದು ಜಾಗಕ್ಕೆ ಹೋದೆವು. ಕ್ಯಾಂಪ್‌ನಿಂದ ಅರ್ಧ ಮೈಲಿ. ಅಲ್ಲಿ ಸುಮಾರು 300 ಅಡಿ ಉದ್ದಕ್ಕೆ ಜಾಡು ಚರಂಡಿಯಾಗಿತ್ತು. ಮೊಣಕಾಲುದ್ದ ಕೊರಕಲು. ನಡೆಯುವವರು ಅದನ್ನು ತಪ್ಪಿಸಲು ಪಕ್ಕದ ಹುಲ್ಲು ತುಳಿದು ಇನ್ನೆರಡು ಜಾಡು ಮಾಡಿದ್ದರು.

ಬಿದ್ದ ಮರ ಮುಂದಿನ ವರ್ಷವೂ ಬಿದ್ದ ಹಾಗೇ ಇರುತ್ತದೆ. ನೀರು ಹಾಗಲ್ಲ. ಪ್ರತಿ ಮಳೆಗೂ ಮಣ್ಣು ತೆಗೆದುಕೊಂಡು ಹೋಗುತ್ತದೆ, ಹೋದ ಮಣ್ಣು ಆ ಎತ್ತರದಲ್ಲಿ ಮತ್ತೆ ಹುಟ್ಟಲು ಎಷ್ಟೋ ತಲೆಮಾರು ಬೇಕು. ಜಾಡಿನ ಕೆಲಸ ಅಂದರೆ ಮುಕ್ಕಾಲು ಪಾಲು ನೀರಿಗೆ ದಾರಿ ತೋರಿಸುವ ಕೆಲಸ ಅಂತ ನಾನು ನಂಬಿದ್ದೇನೆ. ಜಾಡು ಕೆಳಗಡೆ ಅಂಚಿನ ಕಡೆಗೆ ಸ್ವಲ್ಪ ಬಾಗಿರಬೇಕು, ನೂರಕ್ಕೆ 5ರಷ್ಟು. 2 ಅಡಿ ಅಗಲಕ್ಕೆ ಒಂದು ಇಂಚಿಗಿಂತ ತುಸು ಜಾಸ್ತಿ. ಕಾಲ ಹೋದಂತೆ ನಡು ತಗ್ಗಾಗುತ್ತದೆ, ಹೊರ ಅಂಚಿನಲ್ಲಿ ಮಣ್ಣಿನ ಏರಿ ಕಟ್ಟಿಕೊಳ್ಳುತ್ತದೆ, ನೀರು ಹೊರಗೆ ಹೋಗಲಾಗದೆ ಜಾಡಿನ ಉದ್ದಕ್ಕೇ ಓಡುತ್ತದೆ. ಆ ಏರಿ ಕಡಿದು, ಅಲ್ಲಲ್ಲಿ ತಗ್ಗು ಮಾಡಿ, ಹೊರಬಾಯಿ ಅಗಲವಾಗಿ ತೆರೆದರೆ ಅರ್ಧ ಗೆದ್ದ ಹಾಗೆ. ಕಡಿದಾದ ಕಡೆ ಕಲ್ಲಿನ ತಡೆಗಳನ್ನು ಜಾಡಿಗೆ 45 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಕೂರಿಸಿದೆವು. ನೇರ ಅಡ್ಡ ಇಟ್ಟರೆ ನೀರು ಅಲ್ಲೇ ನಿಂತು ಹೂಳು ಬಿಟ್ಟು ಒಂದು ಋತುವಿನಲ್ಲಿ ಮುಚ್ಚಿಬಿಡುತ್ತದೆ. ಓರೆ ಇದ್ದರೆ ನೀರು ತನ್ನ ಹೂಳನ್ನು ತಾನೇ ತಳ್ಳಿಕೊಂಡು ಹೋಗುತ್ತದೆ.

ಈ ಕೆಲಸದಲ್ಲಿ ಕಾಲು ಸರಿ ಇಲ್ಲದ ಹುಡುಗನಿಗೂ ಪಾಲಿತ್ತು. ಆರನೇ ದಿನ ಅವನು ಒಣಗಿದ ಬಂಡೆ ಮೇಲೆ ಕೂತು, ಸುತ್ತಿಗೆಯಿಂದ ಕಲ್ಲು ಒಡೆದು ತುಂಬುವ ಜಲ್ಲಿ ಮಾಡಿದ. ನಾನು ಸಾಧನ ಹಿಡಿಯಲಿಲ್ಲ. 300 ಅಡಿಯನ್ನು ಮೇಲೆ ಕೆಳಗೆ ನಡೆಯುತ್ತಿದ್ದೆ. ಯಾರು ನೀರು ಕುಡಿದಿಲ್ಲ, ಯಾರ ಗುದ್ದಲಿ ಏಟು ಸಡಿಲವಾಗಿದೆ, ಯಾರು ಸುಮ್ಮನಾಗಿದ್ದಾರೆ. ಮೊದಲ ಒಂದು ಗಂಟೆ ಕೈ ಖಾಲಿ ಇರುವುದು ನಾಚಿಕೆ ಅನ್ನಿಸಿತು. ಎಲ್ಲರೂ ಬೆವರುವಾಗ ಒಬ್ಬ ನೋಡುತ್ತಾ ನಿಲ್ಲುವುದು ಸುಲಭವಲ್ಲ. ಹಿರಿಯ ಒಂದು ಸಲ ತಲೆ ಎತ್ತಿ ನೋಡಿ, ಏನೂ ಹೇಳದೆ ಕೆಲಸ ಮುಂದುವರಿಸಿದ. ಅದು ನನಗೆ ಸಾಕಾಯಿತು.

ಕಲ್ಲುಗಳಲ್ಲಿ ಕೆಲವು ಮೂರು ಜನ ಹಾರೆ ಹಾಕಿ ಉರುಳಿಸುವಂಥವು. ಇಲ್ಲಿ ಒಂದು ಹೊಸ ನಿಯಮ ಮಾಡಿದೆವು. ಯಾರು “ನಿಲ್ಲಿಸಿ” ಅಂದರೂ ಎಲ್ಲರೂ ನಿಲ್ಲಬೇಕು, ಕಾರಣ ಆಮೇಲೆ. ಎರಡು ದಿನದಲ್ಲಿ ಅದು 5 ಸಲ ಕೇಳಿಸಿತು. ನಾಲ್ಕು ಸಲ ಏನೂ ಇರಲಿಲ್ಲ. ಒಂದು ಸಲ ಹಾರೆಯ ಕೆಳಗೆ ಒಬ್ಬನ ಬೆರಳಿತ್ತು.

ಫಲಿತಾಂಶ

ಏಳನೇ ದಿನ ಸಣ್ಣ ಗರಗಸದಲ್ಲಿ 4 ಮರ ತೆಗೆದೆವು. ಒಟ್ಟು 31. ಉಳಿದ 16ರ ಜಾಗ, ದಪ್ಪ, ಬಿಗಿತ ಯಾವ ಕಡೆ ಎಂದು ಬರೆದು, ಫೋಟೊ ಸೇರಿಸಿ ಮುಂದಿನ ತಂಡಕ್ಕೆ ಕೊಟ್ಟೆವು. ಅವರು ಎರಡು ವಾರದ ನಂತರ ಹೋಗಿ ಮುಗಿಸಿದರು. ಸೇತುವೆ ಕೆಲಸ ಅಷ್ಟು ತಡವಾಯಿತು. ಕಚೇರಿಯಲ್ಲಿ ಒಬ್ಬರಿಗೆ ಇದು ಸಮಾಧಾನ ತರಲಿಲ್ಲ, ಅವರು ಅದನ್ನು ನೇರವಾಗಿಯೇ ಹೇಳಿದರು. ಅವರ ಬೇಸರಕ್ಕೆ ಕಾರಣ ಇತ್ತು. ಹುಡುಗನ ಕಾಲು ಚೇತರಿಸಿಕೊಂಡಿತು, ಅವನು ತನ್ನ ಹೊರೆ ತಾನೇ ಹೊತ್ತು ಹೊರಗೆ ನಡೆದ.

ಮುಂದಿನ ಬೇಸಿಗೆ ಆ ಜಾಡಿನಲ್ಲಿ ಮತ್ತೆ ನಡೆದೆ. 300 ಅಡಿಯಲ್ಲಿ ಒಂದು ಕಲ್ಲಿನ ತಡೆ ಅರ್ಧ ಹೂಳಿತ್ತು. ಅದರ ಓರೆ ನಾವು ಕಡಿಮೆ ಇಟ್ಟಿದ್ದೆವು. ಉಳಿದವು ತೆರೆದಿದ್ದವು. ಪಕ್ಕದ ಎರಡು ಅಡ್ಡ ಜಾಡುಗಳಲ್ಲಿ ಹುಲ್ಲು ಎದ್ದಿತ್ತು.

ಏಳನೇ ದಿನದ ಕೊನೆಯ ಮರದ ಬಗ್ಗೆ ಒಂದು ಮಾತು ಉಳಿದಿದೆ. ಅದನ್ನು ಓದುವ ಕೆಲಸ ಆ ಹುಡುಗಿಗೆ ಕೊಟ್ಟೆ. ಅವಳು ಮೇಲೆ ಹತ್ತಿದಳು, ಕೆಳಗೆ ಇಳಿದಳು, ಪೊದೆ ಸರಿಸಿ ಬುಡದ ಹತ್ತಿರ ಕೂತು ನೋಡಿದಳು. ನಾವೆಲ್ಲ ಕಾದೆವು. ಬರೀ ಮೇಲಿನ ಒತ್ತಡ, ಪಕ್ಕಕ್ಕೆ ಏನೂ ಇಲ್ಲ ಅಂದಳು. ಆಮೇಲೆ ನನ್ನ ಕಡೆ ತಿರುಗಿ, ನಾನು ನಿಂತಿದ್ದ ಜಾಗ ತೋರಿಸಿ ಹೇಳಿದಳು: “ಅಲ್ಲಿ ಬೇಡ. ಕೊಯ್ದ ತುಂಡು ಆ ಕಡೆ ಉರುಳಬಹುದು. ಮೇಲೆ ಬನ್ನಿ.”

ನಾನು ಮೇಲೆ ಹತ್ತಿ ನಿಂತೆ. ಅವಳು ಕೊಯ್ಯಲು ಶುರು ಮಾಡಿದಳು.